401ಕೆ ದುಡ್ಡನ್ನ ಗೋಲ್ಡ್ ಐಆರ್‌ಎಗೆ ಹಾಕೋದು ಹೇಗೆ: ಮೊದಲ ಫೋನಿಂದ ಕೊನೇ ಫಾರ್ಮ್ ತನಕ

ಅಮೆರಿಕದಲ್ಲಿ ಕೆಲಸ ಬದಲಾಯಿಸಿದ ಮೇಲೆ ಹಳೇ ಕಂಪನಿಯ 401ಕೆಯಲ್ಲಿ (ಕಂಪನಿ ಮೂಲಕ ಸಂಬಳದಿಂದ ಕೂಡಿಡೋ ನಿವೃತ್ತಿ ಖಾತೆ) ಬಿದ್ದಿರೋ ದುಡ್ಡಲ್ಲಿ ಒಂದಷ್ಟಾದ್ರೂ ಚಿನ್ನ ಮಾಡ್ಕೋಬೇಕು ಅಂತ ಹೊರಡೋ ನಮ್ಮವ್ರು ಎಡವೋದು ಹೆಚ್ಚುಕಮ್ಮಿ ಒಂದೇ ಥರ. ಮೊದಲು ಚಿನ್ನ ಮಾರೋ ಕಂಪನಿಗೆ ಫೋನ್ ಮಾಡ್ತಾರೆ, ಅವ್ರು ತೋರಿಸಿದ ಕಡೆಯೆಲ್ಲ ಸೈನ್ ಹಾಕ್ತಾರೆ, ನಡುವೆ ಎಲ್ಲೋ ಚೆಕ್ಕು ತಮ್ಮ ಹೆಸರಿಗೇ ಬರುತ್ತೆ, ಅದರಲ್ಲಿ 20% ಕಟ್ ಆಗಿರುತ್ತೆ, ಮುಂದಿನ ವರ್ಷ 1099-ಆರ್ ಅನ್ನೋ ತೆರಿಗೆ ಫಾರ್ಮ್ ಕೈಗೆ ಬಂದಾಗ ಎದೆ ಧಸಕ್ ಅನ್ನುತ್ತೆ. ಇದೆಲ್ಲ ತಪ್ಪಿಸಬಹುದಾದ ನಷ್ಟ. ಕೆಲಸದ ಕ್ರಮ ಸರಿಯಿದ್ರೆ ಮುಕ್ಕಾಲು ಪಾಲು ತಪ್ಪು ಆಗೋದೇ ಇಲ್ಲ.

ಎರಡೇ ಮಾತು ಗಟ್ಟಿಯಾಗಿ ಹಿಡ್ಕೊಳ್ಳಿ. ಶುರುವಿಂದ ಕೊನೇ ತನಕ ದುಡ್ಡು ನಿಮ್ಮ ಕೈಗೆ ಬರಬಾರದು, ಚಿನ್ನಾನೂ ನಿಮ್ಮ ಕೈಗೆ ಬರಬಾರದು. ಕೆಳಗಿರೋ ಎಲ್ಲ ಹಂತಗಳೂ ಈ ಎರಡನ್ನ ಕಾಪಾಡೋಕೇ ಇರೋದು.

ಶುರು ಮಾಡೋ ಮುಂಚೆ: ಗಟ್ಟಿ ಚಿನ್ನಾನೇ ಬೇಕಾ?

ಐಆರ್‌ಎ ಅಂದ್ರೆ ಕಂಪನಿ ಮೂಲಕ ಅಲ್ಲದೇ ನಾವೇ ನಮ್ಮ ಹೆಸರಲ್ಲಿ ತೆಗೆಯೋ ನಿವೃತ್ತಿ ಖಾತೆ. ಗೋಲ್ಡ್ ಐಆರ್‌ಎ ಅನ್ನೋದು ಮಾರಾಟದವರು ಕೊಟ್ಟ ಹೆಸರು. ಕಾನೂನಿನ ಪ್ರಕಾರ ಅದು ಸೆಲ್ಫ್ ಡೈರೆಕ್ಟೆಡ್ ಐಆರ್‌ಎ, ಅದರೊಳಗೆ ಷೇರಿನ ಬದಲು ಚಿನ್ನದ ನಾಣ್ಯ ಅಥವಾ ಬಾರ್ ಇರುತ್ತೆ ಅಷ್ಟೇ. ಖಾತೆ ಫೀಸು, ಲಾಕರ್ ಫೀಸು, ಡೀಲರ್ ಮಾರ್ಜಿನ್ನು ಮೂರೂ ಕಟ್ಟಬೇಕು.

ಚಿನ್ನದ ರೇಟು ಏರಿದ್ರೆ ನನಗೂ ಲಾಭ ಸಿಗ್ಲಿ ಅನ್ನೋದಷ್ಟೇ ನಿಮ್ಮ ಆಸೆ ಆಗಿದ್ರೆ, ಮಾಮೂಲಿ ಬ್ರೋಕರೇಜಲ್ಲಿ ರೋಲೋವರ್ ಐಆರ್‌ಎ (401ಕೆ ದುಡ್ಡನ್ನ ತಂದು ಹಾಕೋ ಐಆರ್‌ಎ) ತೆಗೆದು ಚಿನ್ನದ ಇಟಿಎಫ್ (ಷೇರಿನ ಥರ ಕೊಂಡು ಮಾರೋ ಫಂಡ್) ತಗೊಳ್ಳಿ. ಇಂಥ ಫಂಡುಗಳಲ್ಲಿ ಜಿಎಲ್‌ಡಿಯ ವಾರ್ಷಿಕ ಖರ್ಚು 0.40%, ಐಎಯುದು 0.25%, ಜಿಎಲ್‌ಡಿಎಂದು 0.10%. ಒಂದು ಕ್ಲಿಕ್ಕಲ್ಲಿ ತಗೋಬಹುದು, ಒಂದು ಕ್ಲಿಕ್ಕಲ್ಲಿ ಮಾರಬಹುದು. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರಿಗೆ ಇದು ಸಾಕು, ಇದನ್ನ ಮನಸ್ಸಿಂದ ಹೇಳ್ತಿದ್ದೀನಿ, ಯಾಕಂದ್ರೆ ಚಿನ್ನ ಮಾರೋರು ಯಾರೂ ಇದನ್ನ ಹೇಳಲ್ಲ. ಇಲ್ಲ, ನನ್ನ ಹೆಸರಲ್ಲಿ ನಿಜವಾದ ನಾಣ್ಯಾನೇ ಇರ್ಬೇಕು, ಫಂಡ್ ಕಂಪನಿ ನಡುವೆ ಬೇಡ ಅನ್ನೋರು ಮುಂದೆ ಓದಿ.

ಇನ್ನೊಂದು ವಿಷಯ, ಪೂರ್ತಿ 401ಕೆ ಸಾಗಿಸಬೇಕು ಅಂತೇನಿಲ್ಲ. ಪ್ಲಾನ್ (ಅಂದ್ರೆ ಆ ಕಂಪನಿಯ 401ಕೆ) ಒಪ್ಪಿದ್ರೆ ಒಂದು ಭಾಗ ಮಾತ್ರ ತೆಗೀಬಹುದು, ಒಪ್ಪದಿದ್ರೆ ಎಲ್ಲಾನೂ ಮಾಮೂಲಿ ರೋಲೋವರ್ ಐಆರ್‌ಎಗೆ ತಂದು ಅಲ್ಲಿಂದ ಬೇಕಾದಷ್ಟನ್ನ ಗೋಲ್ಡ್ ಐಆರ್‌ಎಗೆ ಟ್ರಾನ್ಸ್‌ಫರ್ ಮಾಡಬಹುದು. ಚಿನ್ನ ಬಡ್ಡಿ ಕೊಡಲ್ಲ, ಡಿವಿಡೆಂಡ್ ಕೊಡಲ್ಲ, ರೇಟು ಎಷ್ಟೋ ವರ್ಷ ಇದ್ದಲ್ಲೇ ನಿಲ್ಲೋದೂ ಉಂಟು. ನಿವೃತ್ತಿಯ ದುಡ್ಡೆಲ್ಲ ತಂದು ಅದರಲ್ಲೇ ಸುರಿಯೋದನ್ನ ನಾನಂತೂ ಯಾರಿಗೂ ಹೇಳಲ್ಲ.

ಕೈಯಲ್ಲಿ ಇಟ್ಕೋಬೇಕಾದ್ದು

401ಕೆಯ ಇತ್ತೀಚಿನ ಸ್ಟೇಟ್‌ಮೆಂಟು, ಪ್ಲಾನ್ ಅಡ್ಮಿನಿಸ್ಟ್ರೇಟರ್ (ಆ 401ಕೆ ನೋಡ್ಕೊಳ್ಳೋರು) ಫೋನ್ ನಂಬರು, ಸೋಷಿಯಲ್ ಸೆಕ್ಯುರಿಟಿ ನಂಬರು, ಡ್ರೈವಿಂಗ್ ಲೈಸೆನ್ಸ್ ಅಥವಾ ಪಾಸ್‌ಪೋರ್ಟು, ನಾಮಿನಿ ಮಾಡೋರ ಹುಟ್ಟಿದ ದಿನಾಂಕ. ಜೊತೆಗೆ ಒಂದು ನೋಟ್‌ಬುಕ್. ಯಾವ ದಿನ, ಯಾರ ಜೊತೆ, ಏನು ಮಾತಾಯ್ತು ಅಂತ ಪ್ರತಿ ಫೋನಿಗೂ ಬರ್ಕೊಳ್ಳಿ. ಏನಾದ್ರೂ ತಪ್ಪಾದಾಗ ಆ ನೋಟ್‌ಬುಕ್ಕೇ ನಿಮ್ಮ ಸಾಕ್ಷಿ.

ಹಂತ 1: ಹಳೇ ಪ್ಲಾನಿಗೆ ಫೋನ್ ಮಾಡಿ

ಮೊದಲ ಫೋನ್ ಹೋಗಬೇಕಾದ್ದು ಇಲ್ಲಿಗೆ. ಇವಿಷ್ಟು ಕೇಳಿ.

ದುಡ್ಡು ಈಗ ತೆಗೆಯೋಕೆ ಆಗುತ್ತಾ? ಕೆಲಸ ಬಿಟ್ಟಿದ್ರೆ ಸಾಮಾನ್ಯವಾಗಿ ಆಗುತ್ತೆ. ಅದೇ ಕಂಪನಿಯಲ್ಲಿ ಇನ್ನೂ ಕೆಲಸ ಮಾಡ್ತಿದ್ರೆ ಬಹಳಷ್ಟು ಪ್ಲಾನುಗಳು 59½ ವಯಸ್ಸಿನ ತನಕ ನಿಮ್ಮ ಸಂಬಳದಿಂದ ಕಟ್ಟಾದ ದುಡ್ಡನ್ನ ಬಿಡಲ್ಲ. ಇದನ್ನ ಕೇಳದೇ ಗೋಲ್ಡ್ ಐಆರ್‌ಎ ಖಾತೆ ತೆಗೆದು ಫೀಸು ಕಟ್ಟಿ ಕೂತಿರೋರು ತುಂಬ ಜನ.

ನನ್ನ ದುಡ್ಡಲ್ಲಿ ಟ್ರೆಡಿಷನಲ್ (ತೆರಿಗೆ ಕಟ್ಟದೇ ಹಾಕಿದ್ದು) ಎಷ್ಟು, ರಾತ್ (ತೆರಿಗೆ ಕಟ್ಟಿ ಹಾಕಿದ್ದು) ಎಷ್ಟು? ಎರಡೂ ಇದ್ರೆ ಎರಡು ಬೇರೆ ಐಆರ್‌ಎ ಬೇಕು. ಟ್ರೆಡಿಷನಲ್ ದುಡ್ಡು ಟ್ರೆಡಿಷನಲ್ ಐಆರ್‌ಎಗೆ, ರಾತ್ ದುಡ್ಡು ರಾತ್ ಐಆರ್‌ಎಗೆ. ಟ್ರೆಡಿಷನಲ್ ದುಡ್ಡು ರಾತ್‌ಗೆ ಹೋದ್ರೆ ಅದು ಕನ್ವರ್ಷನ್, ಅಷ್ಟೂ ಮೊತ್ತ ಆ ವರ್ಷದ ಆದಾಯಕ್ಕೆ ಸೇರುತ್ತೆ.

401ಕೆ ಮೇಲೆ ಸಾಲ ಬಾಕಿ ಇದ್ಯಾ? ಇದ್ರೆ ಅಷ್ಟು ಮೊತ್ತ ವಿತ್‌ಡ್ರಾ ಮಾಡಿದ ಲೆಕ್ಕಕ್ಕೆ ಹೋಗೋ ಅಪಾಯ ಇದೆ. ಕೆಲಸ ಬಿಟ್ಟಿದ್ದರಿಂದ ಪ್ಲಾನಿನವ್ರು ಸಾಲದ ಬಾಕಿಯನ್ನ ನಿಮ್ಮ 401ಕೆ ದುಡ್ಡಿಂದ ಮುರ್ಕೊಂಡಿದ್ರೆ, ಆ ಮೊತ್ತವನ್ನ ಬೇರೆ ಕಡೆಯಿಂದ ತಂದು ಐಆರ್‌ಎಗೆ ಹಾಕೋಕೆ ಆ ವರ್ಷದ ಟ್ಯಾಕ್ಸ್ ರಿಟರ್ನ್ ಗಡುವಿನ ತನಕ, ಎಕ್ಸ್‌ಟೆನ್ಷನ್ ಸೇರಿಸಿ, ಟೈಮ್ ಇರುತ್ತೆ.

ವಯಸ್ಸು 55 ದಾಟಿ ಕೆಲಸ ಬಿಟ್ಟಿರೋರು ಇಲ್ಲೊಂದು ನಿಮಿಷ ನಿಲ್ಲಿ. ಕೆಲಸ ಬಿಟ್ಟ ವರ್ಷ ನಿಮಗೆ 55 ತುಂಬಿದ್ರೆ ಆ ಕಂಪನಿಯ 401ಕೆಯಿಂದ, 59½ಕ್ಕೆ ಮುಂಚೆ ತೆಗೆದ್ರೆ ಬೀಳೋ 10% ದಂಡ ಇಲ್ಲದೇ ದುಡ್ಡು ತೆಗೀಬಹುದು. ಐಆರ್‌ಎಗೆ ಹಾಕಿದ ಕ್ಷಣ ಆ ಸವಲತ್ತು ಹೋಯ್ತು, ಮತ್ತೆ 59½ ತನಕ ಕಾಯ್ಬೇಕು. ಮುಂದಿನ ಎರಡು ಮೂರು ವರ್ಷದಲ್ಲಿ ಮಗಳ ಮದುವೆಗೋ ಊರಲ್ಲಿ ಮನೆಗೋ ದುಡ್ಡು ಬೇಕಿದ್ರೆ ಅಷ್ಟನ್ನ 401ಕೆಯಲ್ಲೇ ಬಿಡಿ.

ಹಂತ 2: ಕಸ್ಟೋಡಿಯನ್ ಮೊದಲು, ಡೀಲರ್ ಆಮೇಲೆ

ಇಲ್ಲಿ ಮೂರು ಜನ ಇರ್ತಾರೆ, ಮೂವರನ್ನೂ ಬೇರೆ ಬೇರೆಯಾಗಿ ನೋಡಬೇಕು. ಕಸ್ಟೋಡಿಯನ್ ಖಾತೆ ಇಟ್ಕೊಂಡು ಐಆರ್‌ಎಸ್‌ಗೆ (ಅಮೆರಿಕದ ತೆರಿಗೆ ಇಲಾಖೆ) ಲೆಕ್ಕ ಕೊಡ್ತಾರೆ. ಡೀಲರ್ ಚಿನ್ನ ಮಾರ್ತಾರೆ. ಡಿಪಾಸಿಟರಿ ಚಿನ್ನ ಇಟ್ಕೊಳ್ತಾರೆ. ಟಿವಿಯಲ್ಲಿ, ಯೂಟ್ಯೂಬಲ್ಲಿ ಜಾಹೀರಾತು ಕೊಡೋ ಗೋಲ್ಡ್ ಐಆರ್‌ಎ ಕಂಪನಿಗಳಲ್ಲಿ ಹೆಚ್ಚಿನವರು ಬರೀ ಡೀಲರ್‌ಗಳು. ಕಸ್ಟೋಡಿಯನ್ ನಾವೇ ಕೊಡಿಸ್ತೀವಿ ಅಂತಾರೆ, ಅದು ತಪ್ಪಲ್ಲ, ಆದ್ರೆ ಹಾಗೆ ಹೋದ್ರೆ ಬೇರೆ ಡೀಲರ್ ಹತ್ರ ರೇಟು ಕೇಳೋ ಮನಸ್ಸೇ ನಿಮಗೆ ಬರಲ್ಲ.

ಕಸ್ಟೋಡಿಯನ್ ಬ್ಯಾಂಕ್ ಆಗಿರ್ಬೇಕು ಅಥವಾ ಐಆರ್‌ಎಸ್ ಒಪ್ಪಿಗೆ ಪಡೆದ ನಾನ್‌ಬ್ಯಾಂಕ್ ಟ್ರಸ್ಟಿ ಆಗಿರ್ಬೇಕು. ಹಾಗೆ ಒಪ್ಪಿಗೆ ಪಡೆದವರ ಪಟ್ಟಿ ಐಆರ್‌ಎಸ್ ವೆಬ್‌ಸೈಟಲ್ಲೇ ಇದೆ, ಹೆಸರು ಹುಡುಕಿ ನೋಡಿ. ರಾಜ್ಯದ ಲೈಸೆನ್ಸ್ ಇರೋ ಟ್ರಸ್ಟ್ ಕಂಪನಿಗಳೂ ಬ್ಯಾಂಕ್ ಲೆಕ್ಕಕ್ಕೆ ಬರೋದ್ರಿಂದ ಅವು ಆ ಪಟ್ಟಿಯಲ್ಲಿ ಇಲ್ಲದೇ ಇರಬಹುದು, ಆಗ ಆ ರಾಜ್ಯದ ಬ್ಯಾಂಕಿಂಗ್ ಇಲಾಖೆಯಲ್ಲಿ ವಿಚಾರಿಸಿ.

ಇನ್ನೊಂದು ಗೊತ್ತಿರ್ಲಿ, ಕಸ್ಟೋಡಿಯನ್ ನಿಮ್ಮ ಪರವಾಗಿ ಡೀಲರ್ ಒಳ್ಳೆಯವ್ನಾ, ರೇಟು ಸರಿಯಾ ಅಂತ ನೋಡಲ್ಲ. ನೀವು ಸೈನ್ ಮಾಡಿ ಕೊಳ್ಳಿ ಅಂದ್ರೆ ಕೊಳ್ತಾರೆ, ಅಷ್ಟೇ ಅವರ ಕೆಲಸ.

ಫೀಸಿನ ಪಟ್ಟಿಯನ್ನ ಬರಹದಲ್ಲಿ ತರಿಸ್ಕೊಳ್ಳಿ: ಖಾತೆ ತೆಗೆಯೋಕೆ, ವರ್ಷಕ್ಕೆ, ಲಾಕರಿಗೆ, ವೈರ್‌ಗೆ, ಪ್ರತಿ ಖರೀದಿ ಮಾರಾಟಕ್ಕೆ, ಖಾತೆ ಮುಚ್ಚೋಕೆ. ವರ್ಷದ ಫೀಸು ಇಂತಿಷ್ಟೇ ಡಾಲರ್ ಅಂತ ಇರೋದು, ಮೊತ್ತದ ಮೇಲೆ ಶೇಕಡಾವಾರು ಇರೋದು, ಎರಡು ಥರ ಇವೆ. ದುಡ್ಡು ಜಾಸ್ತಿ ಇರೋರಿಗೆ ಫ್ಲಾಟ್ ಫೀಸೇ ವಾಸಿ. ಹತ್ತು ಹದಿನೈದು ಸಾವಿರ ಡಾಲರ್ ಮಾತ್ರ ಹಾಕೋರಿಗೆ ಈ ಫೀಸುಗಳೇ ವರ್ಷ ವರ್ಷ ಚಿನ್ನ ತಿಂದು ಹಾಕುತ್ತೆ, ಅಂಥವ್ರು ಇಟಿಎಫ್‌ಗೆ ಹೋಗೋದೇ ಸರಿ.

ಹಂತ 3: ಖಾತೆ ತೆಗೆದು ನಾಮಿನಿ ತುಂಬಿ

ಇದು ಸುಲಭ, ಹೆಚ್ಚಾಗಿ ಆನ್‌ಲೈನಲ್ಲೇ ಮುಗಿಯುತ್ತೆ. ಹೆಸರು 401ಕೆಯಲ್ಲಿ ಹೇಗಿದ್ಯೋ ಹಾಗೇ ಇರ್ಲಿ. ನಮ್ಮಲ್ಲಿ ಇನಿಷಿಯಲ್ಲು, ಅಪ್ಪನ ಹೆಸರು, ಊರಿನ ಹೆಸರು ಅಂತ ಒಂದೊಂದು ಕಡೆ ಒಂದೊಂದು ಥರ ಇರುತ್ತೆ, ಅದರಿಂದಾನೇ ಚೆಕ್ ವಾಪಸ್ ಹೋಗೋದುಂಟು.

401ಕೆಯಲ್ಲಿ ಬರೆದಿದ್ದ ನಾಮಿನಿ ಹೊಸ ಖಾತೆಗೆ ತಾನಾಗೇ ಬರಲ್ಲ, ಹೊಸದಾಗಿ ತುಂಬಬೇಕು. ಇದನ್ನ ನಾಳೆ ಮಾಡೋಣ ಅಂತ ಬಿಡಬೇಡಿ.

ಹಂತ 4: ಡೈರೆಕ್ಟ್ ರೋಲೋವರ್

ಹಳೇ ಪ್ಲಾನಿಗೆ ಮತ್ತೆ ಫೋನ್ ಮಾಡಿ ಡೈರೆಕ್ಟ್ ರೋಲೋವರ್ ಅಂತ ಈ ಎರಡು ಪದ ಬಳಸಿಯೇ ಹೇಳಿ. ವಿತ್‌ಡ್ರಾ, ಕ್ಯಾಶ್ ಔಟ್ ಅನ್ನೋ ಪದಗಳು ಬಾಯಿಂದ ಬರೋದೇ ಬೇಡ. ಹೊಸ ಕಸ್ಟೋಡಿಯನ್ ಕೊಟ್ಟಿರೋ ರೋಲೋವರ್ ಸೂಚನೆಯಲ್ಲಿ ಚೆಕ್ ಯಾರ ಹೆಸರಿಗೆ ಬರೀಬೇಕು, ಎಲ್ಲಿಗೆ ಕಳಿಸಬೇಕು, ಖಾತೆ ನಂಬರ್ ಯಾವುದು ಅಂತ ಇರುತ್ತೆ, ಅದನ್ನ ಅಕ್ಷರ ಅಕ್ಷರ ಓದಿ ಹೇಳಿ.

ಚೆಕ್ ಕಸ್ಟೋಡಿಯನ್ ಹೆಸರಲ್ಲಿ, ಅದರ ಮುಂದೆ ಎಫ್‌ಬಿಒ (ಅಂದ್ರೆ ಇಂಥವರ ಪರವಾಗಿ) ಅಂತ ಹಾಕಿ ನಿಮ್ಮ ಹೆಸರು, ಹೀಗಿರ್ಬೇಕು. ಎಷ್ಟೋ ಪ್ಲಾನುಗಳು ಈ ಚೆಕ್ಕನ್ನ ನಿಮ್ಮ ಮನೆ ವಿಳಾಸಕ್ಕೇ ಕಳಿಸ್ತಾರೆ. ಗಾಬರಿ ಆಗಬೇಡಿ, ಕವರ್ ನಿಮ್ಮ ಮನೆಗೆ ಬಂದ್ರೂ ಚೆಕ್ ಕಸ್ಟೋಡಿಯನ್ ಹೆಸರಲ್ಲಿ ಇದ್ರೆ ಅದು ಡೈರೆಕ್ಟ್ ರೋಲೋವರೇ. ಫೋಟೋ ತೆಗೆದಿಟ್ಕೊಂಡು ಟ್ರ್ಯಾಕಿಂಗ್ ಇರೋ ಪೋಸ್ಟಲ್ಲಿ ಕಸ್ಟೋಡಿಯನ್‌ಗೆ ಕಳಿಸಿ. ನಿಮ್ಮ ಬ್ಯಾಂಕ್ ಖಾತೆಗೆ ಮಾತ್ರ ಹಾಕೋ ಪ್ರಯತ್ನ ಮಾಡಬೇಡಿ.

ಚೆಕ್ ಬರೀ ನಿಮ್ಮ ಹೆಸರಲ್ಲಿ ಬಂದ್ರೆ ಅದು ಇನ್‌ಡೈರೆಕ್ಟ್, ಅಲ್ಲಿಂದ ತೊಂದರೆ ಶುರು. ಲೆಕ್ಕ ನೋಡಿ. 50,000 ಡಾಲರ್ ಇತ್ತು, ಪ್ಲಾನಿನವ್ರು ಕಾನೂನಿನ ಪ್ರಕಾರ 20% ಅಂದ್ರೆ 10,000 ತೆರಿಗೆಗೆ ಹಿಡ್ಕೊಂಡು 40,000 ಕೊಡ್ತಾರೆ. ದುಡ್ಡು ಕೈಗೆ ಬಂದ ದಿನದಿಂದ 60 ದಿನದೊಳಗೆ ನೀವು ಐಆರ್‌ಎಗೆ ಹಾಕಬೇಕಾದ್ದು ಪೂರ್ತಿ 50,000. ಅಂದ್ರೆ ಆ 10,000ನ ನಿಮ್ಮ ಜೇಬಿಂದ ಹೊಂದಿಸಿ ಹಾಕಿ, ಹಿಡಿದಿಟ್ಟ ದುಡ್ಡನ್ನ ಮುಂದೆ ರಿಟರ್ನ್ ಫೈಲ್ ಮಾಡಿದಾಗ ವಾಪಸ್ ಪಡೀಬೇಕು. ಬರೀ 40,000 ಹಾಕಿದ್ರೆ ಉಳಿದ 10,000 ಆದಾಯ ಅಂತ ಲೆಕ್ಕ, ಅದರ ಮೇಲೆ ತೆರಿಗೆ, ವಯಸ್ಸು 59½ ಆಗಿರದಿದ್ರೆ ಸಾಮಾನ್ಯವಾಗಿ ಇನ್ನೂ 1,000 ದಂಡ. 60 ದಿನದಲ್ಲಿ ಶನಿವಾರ, ಭಾನುವಾರ, ರಜೆ ಎಲ್ಲ ಸೇರಿದೆ.

ಚೆಕ್ ನಿಮ್ಮ ಹೆಸರಲ್ಲಿ ಬಂತು ಅಂತಾದ್ರೆ ಕ್ಯಾಶ್ ಮಾಡೋ ಮುಂಚೆ ಪ್ಲಾನಿಗೆ ಫೋನ್ ಮಾಡಿ, ವಾಪಸ್ ತಗೊಂಡು ಸರಿಯಾದ ಹೆಸರಿಗೆ ಮತ್ತೆ ಕೊಡ್ತೀರಾ ಅಂತ ಕೇಳಿ. ಕೇಳಿದ ತಕ್ಷಣ ಒಪ್ತಾರೆ ಅಂತಿಲ್ಲ, ಆದ್ರೂ ಕೇಳಿ.

ಐಆರ್‌ಎಯಿಂದ ಐಆರ್‌ಎಗೆ ಸಾಗಿಸೋದಿದ್ರೆ ಟ್ರಸ್ಟಿಯಿಂದ ಟ್ರಸ್ಟಿಗೆ ಟ್ರಾನ್ಸ್‌ಫರ್ ಕೇಳಿ, ಎಷ್ಟು ಸಲ ಬೇಕಾದ್ರೂ ಮಾಡಬಹುದು. ದುಡ್ಡು ಕೈಗೆ ತಗೊಂಡು 60 ದಿನದಲ್ಲಿ ಹಾಕೋ ಥರದ ರೋಲೋವರ್ ಮಾತ್ರ ಐಆರ್‌ಎಗಳ ನಡುವೆ 12 ತಿಂಗಳಿಗೆ ಒಂದೇ ಸಲ, ನಿಮ್ಮ ಎಲ್ಲ ಐಆರ್‌ಎ ಸೇರಿಸಿ.

ಹಂತ 5: ಡೀಲರ್, ನಾಣ್ಯ, ರೇಟು

ದುಡ್ಡು ಕಸ್ಟೋಡಿಯನ್ ಹತ್ರ ಕ್ಯಾಶ್ ಆಗಿ ಬಂದು ಕೂತಿದೆ ಅಂತ ಖಾತೆಯಲ್ಲಿ ಕಾಣಿಸಿದ ಮೇಲೆ ಡೀಲರ್‌ಗಳನ್ನ ವಿಚಾರಿಸಿ. ಆತುರ ಏನೂ ಇಲ್ಲ. ಕ್ಯಾಶ್ ಐಆರ್‌ಎ ಒಳಗೇ ಇರೋದ್ರಿಂದ 60 ದಿನದ ಗಡಿಯಾರ ಓಡ್ತಿಲ್ಲ. ಇವತ್ತೇ ಕೊಳ್ಳದಿದ್ರೆ ದಂಡ ಬೀಳುತ್ತೆ ಅಂತ ಯಾರಾದ್ರೂ ಅಂದ್ರೆ ಅದು ಸುಳ್ಳು.

ಯಾವ ಚಿನ್ನ ನಡೆಯುತ್ತೆ ಅನ್ನೋದು ಇಂಟರ್ನಲ್ ರೆವಿನ್ಯೂ ಕೋಡಿನ 408(ಎಂ) ಸೆಕ್ಷನ್ನಲ್ಲಿದೆ. ಬಾರ್ ಅಥವಾ ಬುಲಿಯನ್ ಆದ್ರೆ ಕನಿಷ್ಠ 995 ಶುದ್ಧತೆ ಇರ್ಬೇಕು. ಕೆನಡಾದ ಮೇಪಲ್ ಲೀಫ್, ಆಸ್ಟ್ರೇಲಿಯಾದ ಕಾಂಗರೂ, ಆಸ್ಟ್ರಿಯಾದ ಫಿಲ್‌ಹಾರ್ಮೋನಿಕ್, ಅಮೆರಿಕದ ಬಫಲೋ ಎಲ್ಲ 24 ಕ್ಯಾರೆಟ್, ನಡೆಯುತ್ತೆ. ಅಮೆರಿಕನ್ ಈಗಲ್ ಮಾತ್ರ 22 ಕ್ಯಾರೆಟ್, ನಮ್ಮ ಊರಿನ 916 ಹಾಲ್‌ಮಾರ್ಕ್ ಒಡವೆಯ ಶುದ್ಧತೇನೇ, ಆದ್ರೂ ಕಾನೂನಲ್ಲಿ ಅದಕ್ಕೆ ವಿಶೇಷವಾಗಿ ಒಪ್ಪಿಗೆ ಕೊಟ್ಟಿರೋದ್ರಿಂದ ನಡೆಯುತ್ತೆ. ದಕ್ಷಿಣ ಆಫ್ರಿಕಾದ ಕ್ರುಗರ್‌ರಾಂಡ್ ಕೂಡ 22 ಕ್ಯಾರೆಟ್, ಆದ್ರೆ ಅದಕ್ಕೆ ಆ ವಿನಾಯ್ತಿ ಇಲ್ಲ. ಬ್ರಿಟನ್ನಿನ ಸಾವರಿನ್ನೂ ನಡೆಯಲ್ಲ. ಒಡವೆ ಅಂತೂ ಇಲ್ಲವೇ ಇಲ್ಲ.

ಕಾಸ್ಟ್ಕೋ ಅಂಗಡಿಯಲ್ಲಿ ತಗೊಂಡ ಬಾರ್ ಮನೇಲಿದೆ, 999.9 ಶುದ್ಧ, ಅದನ್ನ ಐಆರ್‌ಎಗೆ ಹಾಕ್ಲಾ ಅಂತ ಕೇಳೋರು ಬಹಳ. ಆಗಲ್ಲ. ಐಆರ್‌ಎಗೆ ವರ್ಷದ ಕಾಂಟ್ರಿಬ್ಯೂಷನ್ ಹೋಗೋದು ಕ್ಯಾಶ್ ರೂಪದಲ್ಲೇ. ನಿಮ್ಮ ಚಿನ್ನಾನ ನಿಮ್ಮ ಐಆರ್‌ಎಗೆ ಮಾರೋದು ಪ್ರೊಹಿಬಿಟೆಡ್ ಟ್ರಾನ್ಸಾಕ್ಷನ್, ಅಂದ್ರೆ ಕಾನೂನು ನಿಷೇಧಿಸಿದ ವ್ಯವಹಾರ. ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಅಳಿಯ, ಸೊಸೆ ಇವರ ಹತ್ರ ಇರೋದಕ್ಕೂ ಅದೇ ನಿಯಮ. ಈ ತಪ್ಪು ಮಾಡಿದ್ರೆ ಆ ಒಂದು ಬಾರ್ ಅಲ್ಲ, ಇಡೀ ಐಆರ್‌ಎಯನ್ನೇ ಆ ವರ್ಷದ ಜನವರಿ 1ಕ್ಕೆ ನಿಮಗೆ ಹಂಚಿದ ಹಾಗೆ ಲೆಕ್ಕ ಹಾಕಿ ತೆರಿಗೆ ಹಾಕ್ತಾರೆ.

ಈಗ ರೇಟು. ನಷ್ಟ ಆಗೋದು ಮುಖ್ಯವಾಗಿ ಇಲ್ಲೇ. ಕನಿಷ್ಠ ಮೂವರು ಡೀಲರ್‌ಗಳಿಗೆ ಒಂದೇ ದಿನ, ಒಂದೇ ಗಂಟೆಯೊಳಗೆ ಫೋನ್ ಮಾಡಿ ಒಂದೇ ನಾಣ್ಯದ ರೇಟು ಕೇಳಿ, ಉದಾಹರಣೆಗೆ 1 ಔನ್ಸಿನ ಮಾಮೂಲಿ ಅಮೆರಿಕನ್ ಈಗಲ್. ಈ ಔನ್ಸ್ ಟ್ರಾಯ್ ಔನ್ಸ್, 31.1 ಗ್ರಾಂ. ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ: ಸ್ಪಾಟ್ ರೇಟಿನ (ಆ ಹೊತ್ತಿನ ಮಾರುಕಟ್ಟೆ ರೇಟು) ಮೇಲೆ ಎಷ್ಟು ಶೇಕಡಾ ಜಾಸ್ತಿಗೆ ಕೊಡ್ತೀರಿ, ಇದೇ ನಾಣ್ಯಾನ ಇವತ್ತೇ ನಾನು ನಿಮಗೆ ಮಾರಿದ್ರೆ ಎಷ್ಟಕ್ಕೆ ತಗೊಳ್ತೀರಿ? ಎರಡನೇ ಪ್ರಶ್ನೆಗೆ ಸುತ್ತಿ ಬಳಸಿ ಉತ್ತರ ಬಂದ್ರೆ ಫೋನ್ ಇಡಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, 1 ಲಕ್ಷ ಡಾಲರಿಗೆ ಸ್ಪಾಟಿನ ಮೇಲೆ 5% ಕೊಟ್ಟು ತಗೊಂಡ್ರೆ ನಿಮ್ಮ ಲಾಕರಲ್ಲಿ ಸುಮಾರು 95,200 ಡಾಲರಿನ ಚಿನ್ನ ಇರುತ್ತೆ. 30% ಕೊಟ್ಟು ತಗೊಂಡ್ರೆ 76,900 ಡಾಲರಿನದು ಮಾತ್ರ. 2023ರಲ್ಲಿ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿ ಒಂದು ಕಂಪನಿ ಮೇಲೆ ಹಾಕಿದ ಕೇಸಲ್ಲಿ ಆರೋಪ ಏನಿತ್ತು ಅಂದ್ರೆ, ನಿವೃತ್ತಿ ಖಾತೆಯವರಿಗೆ ಮಾರ್ಜಿನ್ 1ರಿಂದ 5% ಅಂತ ಹೇಳಿ ನಾಣ್ಯಗಳ ಮೇಲೆ 130% ತನಕ ಹಾಕಿದ್ರು ಅಂತ. 130% ಅಂದ್ರೆ ಲಕ್ಷ ಡಾಲರ್ ಕೊಟ್ಟು 43,500 ಡಾಲರ್ ಚಿನ್ನ. 2020ರಲ್ಲಿ ಸರಕು ವಾಯಿದೆ ವ್ಯಾಪಾರದ ನಿಯಂತ್ರಕ ಸಿಎಫ್‌ಟಿಸಿ ಜೊತೆ 30 ರಾಜ್ಯಗಳ ನಿಯಂತ್ರಕರು ಸೇರಿ ಹಾಕಿದ ಇನ್ನೊಂದು ಕೇಸಲ್ಲಿ ಕನಿಷ್ಠ 1,600 ಜನರ 18.5 ಕೋಟಿ ಡಾಲರಿನ ವಿಷಯ ಇತ್ತು, ಅದರಲ್ಲಿ ಹೆಚ್ಚಿನವರು ವಯಸ್ಸಾದವರು.

ಈ ಮಾತುಗಳು ಕಿವಿಗೆ ಬಿದ್ರೆ ಎಚ್ಚರ. ಫ್ರೀ ಬೆಳ್ಳಿ ಕೊಡ್ತೀವಿ ಅಂತಾರೆ, ಆ ಬೆಳ್ಳಿಯ ದುಡ್ಡು ನಿಮ್ಮ ಚಿನ್ನದ ರೇಟಲ್ಲೇ ಸೇರಿರುತ್ತೆ. ಮಾಮೂಲಿ ನಾಣ್ಯ ಬೇಡ, ಪ್ರೂಫ್ ನಾಣ್ಯ (ಸಂಗ್ರಹ ಮಾಡೋರಿಗೆ ಅಂತ ವಿಶೇಷ ಹೊಳಪಿಂದ ಮಾಡಿದ್ದು) ಅಥವಾ ನಮ್ಮಲ್ಲಿ ಮಾತ್ರ ಸಿಗೋ ಎಕ್ಸ್‌ಕ್ಲೂಸಿವ್ ನಾಣ್ಯ ತಗೊಳ್ಳಿ ಅಂತಾರೆ, ಪ್ರೂಫ್ ಈಗಲ್ ಐಆರ್‌ಎಯಲ್ಲಿ ಇಡೋಕೆ ಅಡ್ಡಿಯಿಲ್ಲ, ಆದ್ರೆ ಕೊಳ್ಳೋವಾಗ ಕೊಟ್ಟ ಹೆಚ್ಚುವರಿ ದುಡ್ಡು ಮಾರೋವಾಗ ವಾಪಸ್ ಬರೋದು ಕಷ್ಟ. 1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ಜನರ ಚಿನ್ನ ವಶಪಡಿಸ್ಕೊಂಡಿತ್ತು, ಅಪರೂಪದ ನಾಣ್ಯಕ್ಕೆ ವಿನಾಯ್ತಿ ಇತ್ತು, ಹಾಗಾಗಿ ಅಪರೂಪದ್ದೇ ತಗೊಳ್ಳಿ ಅಂತ ಹೆದರಿಸ್ತಾರೆ. ಆ ಆದೇಶ ನಿಜ, ಆದ್ರೆ ಅದನ್ನ ತೋರಿಸಿ ದುಬಾರಿ ನಾಣ್ಯ ಮಾರೋದು ಹಳೇ ಚಾಳಿ. ಊರಿನವ್ರೇ, ಕನ್ನಡದಲ್ಲೇ ಮಾತಾಡ್ತಾರೆ ಅಂತ ರೇಟು ಕೇಳದೇ ಇರೋದೂ ಬೇಡ.

ಒಪ್ಪಿಗೆ ಆದ ಮೇಲೆ ಡೀಲರ್ ರೇಟು ಲಾಕ್ ಮಾಡಿ ಇನ್‌ವಾಯ್ಸ್ ಕಳಿಸ್ತಾರೆ. ನಾಣ್ಯದ ಪೂರ್ತಿ ಹೆಸರು, ವರ್ಷ, ಎಷ್ಟು, ಒಂದಕ್ಕೆ ರೇಟು, ಒಟ್ಟು, ಎಲ್ಲ ಅದರಲ್ಲಿರ್ಬೇಕು. ನೀವು ಕಸ್ಟೋಡಿಯನ್‌ಗೆ ಬೈ ಡೈರೆಕ್ಷನ್ ಫಾರ್ಮ್ ಸೈನ್ ಮಾಡಿ ಕೊಡಿ, ಕಸ್ಟೋಡಿಯನ್ನೇ ಡೀಲರಿಗೆ ದುಡ್ಡು ಕಳಿಸ್ತಾರೆ. ಪೂರ್ತಿ ದುಡ್ಡಿಗೂ ಚಿನ್ನ ತಗೋಬೇಡಿ. ಎರಡು ಮೂರು ವರ್ಷದ ಫೀಸಿಗಾಗುವಷ್ಟು ಕ್ಯಾಶ್ ಖಾತೆಯಲ್ಲಿ ಬಿಡಿ.

ಹಂತ 6: ಡಿಪಾಸಿಟರಿ

ಚಿನ್ನ ಡೀಲರಿಂದ ನೇರವಾಗಿ ಡಿಪಾಸಿಟರಿಗೆ ಹೋಗುತ್ತೆ. ವಿಲ್ಮಿಂಗ್ಟನ್ನಿನ ಡೆಲವೇರ್ ಡಿಪಾಸಿಟರಿ, ಬ್ರಿಂಕ್ಸ್ ಇಂಥವು ಇವೆ, ಯಾವ್ಯಾವುದು ನಡೆಯುತ್ತೆ ಅಂತ ನಿಮ್ಮ ಕಸ್ಟೋಡಿಯನ್ ಪಟ್ಟಿ ಕೊಡ್ತಾರೆ. ಸೆಗ್ರಿಗೇಟೆಡ್ ಅಂದ್ರೆ ನಿಮ್ಮ ನಾಣ್ಯ ಬೇರೆಯಾಗಿ ಇಡ್ತಾರೆ, ಅದೇ ನಾಣ್ಯ ವಾಪಸ್ ಸಿಗುತ್ತೆ, ಫೀಸು ಜಾಸ್ತಿ. ಕಮಿಂಗಲ್ಡ್ ಅಂದ್ರೆ ಬೇರೆಯವರ ಅದೇ ಥರದ ನಾಣ್ಯದ ಜೊತೆ ಸೇರಿಸಿ ಇಡ್ತಾರೆ. ಮಾಮೂಲಿ ನಾಣ್ಯಕ್ಕೆ ಕಮಿಂಗಲ್ಡ್ ಸಾಕು.

ಬ್ಯಾಂಕ್ ಡೆಪಾಸಿಟಿಗಿರೋ ಎಫ್‌ಡಿಐಸಿ ರಕ್ಷಣೆ ಈ ಚಿನ್ನಕ್ಕಿಲ್ಲ, ಷೇರಿಗಿರೋ ಎಸ್‌ಐಪಿಸಿ ರಕ್ಷಣೇನೂ ಇಲ್ಲ. ಡಿಪಾಸಿಟರಿಯ ಖಾಸಗಿ ಇನ್ಶೂರೆನ್ಸ್ ಎಷ್ಟರ ತನಕ, ಹೊರಗಿನ ಆಡಿಟ್ ಯಾವಾಗ ಯಾವಾಗ ಅಂತ ಬರಹದಲ್ಲಿ ಕೇಳಿ. ಚಿನ್ನ ತಲುಪಿದೆ ಅನ್ನೋ ರಸೀತಿ ಬಂದ ಮೇಲೆ ಇನ್‌ವಾಯ್ಸ್ ಪಕ್ಕ ಇಟ್ಕೊಂಡು ಹೋಲಿಸಿ ನೋಡಿ. ಎರಡು ಮೂರು ವಾರ ಆದ್ರೂ ರಸೀತಿ ಇಲ್ಲ ಅಂದ್ರೆ ಡೀಲರನ್ನ ಕೇಳೋದ್ರ ಜೊತೆಗೆ ಕಸ್ಟೋಡಿಯನ್‌ಗೂ ಇಮೇಲ್ ಹಾಕಿ.

ಮನೇಲೇ ಚಿನ್ನ ಇಟ್ಕೊಳ್ಳಿ ಅನ್ನೋ ಹೋಮ್ ಸ್ಟೋರೇಜ್ ಐಆರ್‌ಎ ಜಾಹೀರಾತು ನಮ್ಮವ್ರನ್ನ ಬಹಳ ಸೆಳೆಯುತ್ತೆ, ಮನೆ ಬೀರುವಲ್ಲಿ ಚಿನ್ನ ಇದ್ರೇನೇ ಧೈರ್ಯ ಅನ್ನೋ ಮನೆತನದಲ್ಲಿ ಬೆಳೆದವ್ರು ನಾವು. ಎಲ್‌ಎಲ್‌ಸಿ ಅನ್ನೋ ಥರದ ಕಂಪನಿ ಒಂದನ್ನ ಮಾಡಿ ಅದರ ಹೆಸರಲ್ಲಿ ಕೊಂಡು ಮನೇಲಿಡಿ ಅಂತಾರೆ. 2021ರಲ್ಲಿ ಅಮೆರಿಕದ ಟ್ಯಾಕ್ಸ್ ಕೋರ್ಟ್ ಮೆಕ್‌ನಲ್ಟಿ ಕೇಸಲ್ಲಿ ಇದನ್ನೇ ನೋಡಿ, ಐಆರ್‌ಎ ದುಡ್ಡಲ್ಲಿ ಕೊಂಡ ಅಮೆರಿಕನ್ ಈಗಲ್ ನಾಣ್ಯ ಮನೇಲಿಟ್ಕೊಂಡ್ರೆ ಅದು ವಿತ್‌ಡ್ರಾ ಮಾಡಿದ ಹಾಗೇ, ತೆರಿಗೆ ಕಟ್ಟಬೇಕು ಅಂತ ತೀರ್ಪು ಕೊಟ್ಟಿದೆ.

ಹಂತ 7: ಟ್ಯಾಕ್ಸ್ ಪೇಪರ್

ಮುಂದಿನ ವರ್ಷದ ಶುರುವಲ್ಲಿ ಹಳೇ ಪ್ಲಾನಿಂದ 1099-ಆರ್ ಬರುತ್ತೆ. 7ನೇ ಬಾಕ್ಸಲ್ಲಿ ಜಿ ಅನ್ನೋ ಕೋಡ್ ಇರ್ಬೇಕು, ಅಂದ್ರೆ ಡೈರೆಕ್ಟ್ ರೋಲೋವರ್. ಅಲ್ಲಿ 1 ಇದ್ರೆ ಅವಧಿಗೆ ಮುಂಚೆ ತೆಗೆದ ಲೆಕ್ಕ, ತಕ್ಷಣ ಪ್ಲಾನಿಗೆ ಫೋನ್ ಮಾಡಿ ತಿದ್ದಿಸಿ. ತೆರಿಗೆ ಇಲ್ಲ ಅಂತ ರಿಟರ್ನಲ್ಲಿ ತೋರಿಸದೇ ಬಿಡಬೇಡಿ. ಟ್ರೆಡಿಷನಲ್‌ನಿಂದ ಟ್ರೆಡಿಷನಲ್‌ಗೆ ಪೂರ್ತಿ ಹೋಗಿದ್ರೆ ಫಾರ್ಮ್ 1040ರ 5ಎ ಸಾಲಲ್ಲಿ ಪೂರ್ತಿ ಮೊತ್ತ, 5ಬಿಯಲ್ಲಿ ಸೊನ್ನೆ, ರೋಲೋವರ್ ಅಂತ ಗುರುತು. ಹೊಸ ಕಸ್ಟೋಡಿಯನ್‌ನಿಂದ, ಐಆರ್‌ಎಗೆ ದುಡ್ಡು ಬಂತು ಅಂತ ತೋರಿಸೋ 5498 ಫಾರ್ಮ್ ಮೇ ತಿಂಗಳ ಹೊತ್ತಿಗೆ ಬರುತ್ತೆ, ಅಂದ್ರೆ ರಿಟರ್ನ್ ಫೈಲ್ ಮಾಡಿದ ಮೇಲೆ. ಅದನ್ನ ಎಲ್ಲೂ ಕಳಿಸಬೇಕಾಗಿಲ್ಲ, ಫೈಲಲ್ಲಿಡಿ.

ಹಂತ 8: ವಯಸ್ಸು 73 ಹತ್ರ ಬಂದಾಗ

ಟ್ರೆಡಿಷನಲ್ ಐಆರ್‌ಎಯಿಂದ 73ಕ್ಕೆ ಕಡ್ಡಾಯವಾಗಿ ವರ್ಷವರ್ಷ ಇಂತಿಷ್ಟು ತೆಗೀಬೇಕು, 1960 ಅಥವಾ ಆಮೇಲೆ ಹುಟ್ಟಿದವರಿಗೆ 75. ಚಿನ್ನದಿಂದ ಕ್ಯಾಶ್ ತಾನಾಗಿ ಹುಟ್ಟಲ್ಲ, ಹಾಗಾಗಿ ಪ್ರತಿ ವರ್ಷ ಒಂದಷ್ಟು ನಾಣ್ಯ ಮಾರಬೇಕು, ಇಲ್ಲ ನಾಣ್ಯಾನೇ ನಿಮ್ಮ ಹೆಸರಿಗೆ ತಗೊಂಡು ಅದರ ಬೆಲೆ ಮೇಲೆ ತೆರಿಗೆ ಕಟ್ಟಬೇಕು. ಬೇರೆ ಟ್ರೆಡಿಷನಲ್ ಐಆರ್‌ಎ ಇದ್ರೆ ಎಲ್ಲದರ ಪಾಲನ್ನೂ ಅದೊಂದರಿಂದಾನೇ ತೆಗೀಬಹುದು. ಮರೆತ್ರೆ ಕಮ್ಮಿ ಬಿದ್ದ ಮೊತ್ತದ 25% ದಂಡ, ಎರಡು ವರ್ಷದೊಳಗೆ ಸರಿ ಮಾಡಿದ್ರೆ 10%. ಈ ಕಾರಣಕ್ಕೇ ದೊಡ್ಡ ಬಾರ್‌ಗಿಂತ 1 ಔನ್ಸಿನ ನಾಣ್ಯ ವಾಸಿ. ಬೇಕಾದಷ್ಟನ್ನೇ ಮಾರಬಹುದು.

ಊರಿಗೆ ವಾಪಸ್ ಹೋಗೋರಿಗೆ

ಬೆಂಗಳೂರಿಗೋ ಮೈಸೂರಿಗೋ ವಾಪಸ್ ಹೋಗೋ ಯೋಚನೆ ಇದ್ರೆ ಮೇಲಿನ ಏಳು ಹಂತಾನೂ ಅಮೆರಿಕದಲ್ಲಿ ಇರೋವಾಗ್ಲೇ ಮುಗಿಸಿ. ಭಾರತದ ವಿಳಾಸ ಕೊಟ್ರೆ ಎಷ್ಟೋ ಕಸ್ಟೋಡಿಯನ್‌ಗಳು ಹೊಸ ಖಾತೆ ತೆಗೆಯಲ್ಲ, ಇರೋ ಖಾತೆ ಇಟ್ಕೊಳ್ತಾರಾ ಅಂತಾನೂ ಮೊದಲೇ ಕೇಳಿ. ಚಿನ್ನಾನ ಐಆರ್‌ಎಯಲ್ಲೇ ಇಟ್ಟು ಹಾಗೇ ಊರಿಗೆ ತರ್ತೀನಿ ಅನ್ನೋ ದಾರಿ ಇಲ್ಲ, ಹೊರಗೆ ತೆಗೆದ್ರೆ ಅದು ವಿತ್‌ಡ್ರಾ.

ಭಾರತದಲ್ಲಿ ಪೂರ್ತಿ ರೆಸಿಡೆಂಟ್ ಆದ ಮೇಲೆ ಈ ಖಾತೆಯನ್ನ ಪ್ರತಿ ವರ್ಷ ಐಟಿ ರಿಟರ್ನಿನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು. ಅಮೆರಿಕ, ಬ್ರಿಟನ್, ಕೆನಡಾದ ನಿವೃತ್ತಿ ಖಾತೆಗಳ ಆದಾಯಕ್ಕೆ ಅಲ್ಲಿ ದುಡ್ಡು ತೆಗೆದ ವರ್ಷ ತೆರಿಗೆ ಕಟ್ಟೋ ಅನುಕೂಲವನ್ನ 2021ರ ಬಜೆಟಲ್ಲಿ ತಂದಿದ್ದಾರೆ. ಭಾರತದ ರೆಸಿಡೆಂಟ್ ಆಗೋ ಮುಂಚೆ, ಆ ದೇಶದಲ್ಲಿದ್ದಾಗ ತೆಗೆದ ಖಾತೆ ಆಗಿರ್ಬೇಕು ಮತ್ತು ಆ ಅನುಕೂಲ ಬೇಕು ಅಂತ ಬೇರೆ ಫಾರ್ಮ್ ತುಂಬಬೇಕು, ತಾನಾಗಿ ಸಿಗಲ್ಲ. ಎರಡೂ ದೇಶದ ರಿಟರ್ನ್ ಗೊತ್ತಿರೋ ಸಿಎ ಹತ್ರ ಹೊರಡೋ ಮುಂಚೆ ಒಂದು ಸಲ ಕೂತು ಮಾತಾಡಿ, ಮತ್ತೆ ಕಸ್ಟೋಡಿಯನ್ ಲಾಗಿನ್ನಿಗೆ ಒಟಿಪಿ ಬರೋ ಅಮೆರಿಕದ ಫೋನ್ ನಂಬರನ್ನ ಕ್ಯಾನ್ಸಲ್ ಮಾಡಬೇಡಿ.